ಎಡಗಾಲಿನ ಬೂಟು

ಬಾಲಯೇಸುವಿನ ಎಡಗಾಲಿನ ಬೂಟು ಸಿಗ್ಲಿಲ್ಲ.

ಬಲಗಾಲಿಂದು ಕಾಲಲ್ಲೇ ಇತ್ತು. ಬಿಳಿ ರೇಷ್ಮೆ ಅಂಗಿ, ಜರಿ ಟೋಪಿ ಎಲ್ಲ ತೊಡಿಸಿ ಆಗಿತ್ತು. ಅಂಗಳದಲ್ಲಿ ವಾಲಗದೋರು ಊದಿ ಊದಿ ಗಂಟಲು ಒಣಗಿ, ಮೂರನೇ ಸಲ ಜೋಳದ ಗಂಜಿ ಕುಡೀತಿದ್ರು. ಮಂಚದ ಕೆಳಗೆ ತಲೆ ತೂರಿಸಿ ಎವ್ಲಾಲಿಯ ತಡಕಾಡ್ತಿದ್ಲು.

"ರಾತ್ರಿ ಸುತ್ತೋಕೆ ಹೋದಾಗ ಕೆಸರಲ್ಲಿ ಬಿಟ್ಟು ಬಂದಿರ್ತಾನೆ ಕಣೇ ಎವ್ಲಾಲಿಯಾ," ಅಂದ್ಲು ಪಕ್ಕದ ಮನೆ ಸೊಲೆದಾದ್. "ಎಷ್ಟಾದ್ರೂ ಮಗು ತಾನೆ."

ತಮಾಷೆಗೆ ಅಂದಿದ್ದಲ್ಲ ಅದು. ಸಾನ್ ಹೆರೊನಿಮೊ ಕೇರೀಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಮೊಳದುದ್ದದ ಮರದ ಮಗು, ವಯಸ್ಸು ಮುನ್ನೂರು ದಾಟಿದೆ, ಹಗಲೆಲ್ಲ ತೊಟ್ಟಿಲಲ್ಲಿ ಮಲಗಿರುತ್ತೆ. ಊರು ಮಲಗಿದ ಮೇಲೆ ಎದ್ದು ಕಾಲುವೆ ದಂಡೆ ಮೇಲೆ ನಡೀತಾ, ಯಾರ ಹೊಲದಲ್ಲಿ ಜೋಳ ಮೊಳೆತಿದೆ, ಯಾರ ಮನೇಲಿ ಕೂಸಿಗೆ ಜ್ವರ ಬಂದಿದೆ ಅಂತ ನೋಡ್ಕೊಂಡು ಬರುತ್ತೆ. ಒಂದು ವರ್ಷ ಹಿಮ ಬಿದ್ದು ದೊನ್ ಸೆವೆರೊನ ಹೂವಿನ ಹೊಲ ಪೂರ್ತಿ ಸುಟ್ಟು ಕರಕಲಾದಾಗ, ಈ ತುದಿಯಿಂದ ಆ ತುದಿವರೆಗೆ ಮಗುವಿನ ಹೆಜ್ಜೆಯಷ್ಟಗಲ ಮಾತ್ರ ಹಸಿರು ಉಳಿದಿತ್ತು. ಸೆವೆರೊ ಅದಕ್ಕೆ ಬೇಲಿ ಹಾಕಿ ತನ್ನ ಕೋಳೀನೂ ಒಳಗೆ ಬಿಡ್ಲಿಲ್ಲ. ಹಂಗಾಗಿ, ಬಾಲಯೇಸು ಯಾರ ಮನೇಲಿ ಇರ್ತಾನೋ ಅವರು ಬೆಳಗ್ಗೆ ಅವನ ಬೂಟುಗಳನ್ನ ಹೊಸ್ತಿಲ ಮೇಲೆ ಅಡಿ ದಾರಿಗೆ ಕಾಣೋ ಹಾಗೆ ಹೊರಗೆ ಮಾಡಿ ಇಡಬೇಕು. ದಾರೀಲಿ ಹೋಗೋರು ಆ ಕೆಸರು ನೋಡೋವರೆಗೆ ಒರೆಸೋ ಹಾಗಿಲ್ಲ.

ಒಂದು ಮನೆಗೆ ಒಂದೇ ವರ್ಷ. ಎವ್ಲಾಲಿಯಳ ಗಂಡ ಹಸಿಂತೊ ಮದುವೆ ಆದ ವಾರವೇ ಹೆಸರು ಬರೆಸಿದ್ದ. ಸರದಿ ಬಂದಿದ್ದು ಮೂವತ್ತನಾಲ್ಕು ವರ್ಷಕ್ಕೆ. ಅಷ್ಟೊತ್ತಿಗೆ ಲಕ್ವ ಹೊಡೆದು ಹಸಿಂತೊನ ಬಲಗಡೆ ಬಿದ್ದುಹೋಗಿತ್ತು. ಒಂದು ಕಾಲದಲ್ಲಿ ಅವನು ದೋಣಿ ಮೇಲೆ ನಿಂತು ಹಾಡಿದ್ರೆ ಎರಡು ಕಾಲುವೆ ಆಚೆ ಬಾತುಕೋಳಿಗಳು ಹೊತ್ತಲ್ಲದ ಹೊತ್ತಲ್ಲಿ ಮೊಟ್ಟೆ ಇಡ್ತಿದ್ವು. ಈಗ ಒಂದೊಂದು ಮಾತೂ ಆಳದ ಬಾವಿಯಿಂದ ಕೊಡ ಎಳೆದ ಹಾಗೆ ಬರ್ತಿತ್ತು.

ಆ ವರ್ಷ ಎವ್ಲಾಲಿಯಳ ಮಂಡಿನೋವು ಎಲ್ಲಿ ಹೋಯ್ತೋ ದೇವರಿಗೇ ಗೊತ್ತು. ಆರು ಗಂಟೆಗೆ ಏಳೋಳು. ನೀರಿಗೆ ಕಿತ್ತಳೆ ಹೂವು ಹಾಕಿ ಕಾಯಿಸೋಳು. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ಹದ ನೋಡೋಳು. ಬೆಳಗಿನ ಹಾಡು ಹೇಳ್ತಾ ಹೇಳ್ತಾ ಬಾಲಯೇಸುವಿನ ಮುಖಾನ ಹತ್ತಿಯಲ್ಲಿ ಒರೆಸೋಳು. "ಚೆನ್ನಾಗಿ ನಿದ್ದೆ ಬಂತಾ ನನ್ನಪ್ಪಾ?" ಅಂತ ಕೇಳೋಳು. ಆಮೇಲೆ ಪಕ್ಕದ ಕೋಣೆಗೆ ಹೋಗಿ, ಪಾತ್ರೇಲಿ ಉಳಿದ ತಣ್ಣೀರಲ್ಲಿ ಬಟ್ಟೆ ಅದ್ದಿ ಗಂಡನ್ನ ಒರೆಸೋಳು. "ಕೈ ಎತ್ತು. ಈ ಕಡೆ ತಿರುಗು." ಅಷ್ಟೇ ಮಾತು. ಊಟದ ಮೇಜು ಒರೆಸಿದ ಹಾಗೆ. ಪೂಜೆ ಬೇರೆ, ಕೆಲಸ ಬೇರೆ ಅಂದ್ಕೊಂಡಿದ್ಲು.

ಇವತ್ತು ಫೆಬ್ರವರಿ ಎರಡು, ಮೇಣದ ಬತ್ತಿ ಹಬ್ಬ. ಚರ್ಚಿನ ಮೊದಲ ಗಂಟೆ ಹೊಡೆದಾಗಿತ್ತು. ಎರಡನೇದಕ್ಕೆ ಬಾಲಯೇಸು ಹೊಸ್ತಿಲು ದಾಟಬೇಕು, ಚರ್ಚಲ್ಲಿ ಮುಂದಿನ ಮನೆಯೋರ ಕೈ ಸೇರಬೇಕು.

"ಒಂದು ಬೂಟು ಸಾಕು, ನಡೀರಿ," ಅಂತ ಬಾಗಿಲಲ್ಲಿ ದೊನ್ ಸೆವೆರೊ ಗಡಿಬಿಡಿ ಮಾಡಿದ. ಹಬ್ಬದ ಯಜಮಾನಿಕೆ ಅವನದ್ದು. "ದೋಣೀಲಿ ತಾನೆ ಹೋಗೋದು, ನಡ್ಕೊಂಡಾ?"

"ನಿಮ್ಮ ಹೆಂಡ್ತೀನ ಒಂಟಿ ಬೂಟಲ್ಲಿ ಚರ್ಚಿಗೆ ಕರ್ಕೊಂಡು ಹೋಗ್ರಿ ನೋಡೋಣ," ಅಂದ್ಲು ಸೊಲೆದಾದ್. ವಾಲಗದೋರು ಗಂಜಿ ಲೋಟದೊಳಗೇ ನಕ್ರು.

ಎವ್ಲಾಲಿಯ ನಗ್ಲಿಲ್ಲ. ಬೂಟು ಸಿಗದೇ ಇದ್ರೇ ಚೆನ್ನ ಅಂತ ಒಳಗೊಳಗೇ ಅನ್ನಿಸ್ತಿತ್ತು. ಇನ್ನೊಂದು ಗಳಿಗೆ ಇರ್ತಾನೆ. ನಾಳೆ ಆರು ಗಂಟೆಗೆ ಯಾಕೆ ಏಳಬೇಕು? ಯಾರಿಗೋಸ್ಕರ? ಈ ಪ್ರಶ್ನೆ ಒಂದು ವಾರದಿಂದ ಅವಳ ಅನ್ನ ನಿದ್ದೆ ಎರಡನ್ನೂ ತಿಂದಿತ್ತು.

ಕೊನೆಗೆ ಗಂಡನ ಕೋಣೆಗೆ ಹೋದ್ಲು. ಹಸಿಂತೊ ಯಾವತ್ತಿನ ಹಾಗೆ ಕುರ್ಚೀನ ಗೋಡೆಗೆ ಒತ್ತಿಸ್ಕೊಂಡು ಕೂತಿದ್ದ. ಗೋಡೆ ಆಚೆಗೆ ಬಾಲಯೇಸುವಿನ ಕೋಣೆ. ಇವತ್ತು ಮಾತ್ರ ಒಂದು ಕಡೆ ವಾಲಿದ್ದ. ಅವಳು ಕಂಕುಳಿಗೆ ಕೈ ಕೊಟ್ಟು ಎತ್ತಿದ್ಲು. ತೊಡೆ ಕೆಳಗೆ ಬೆರಳುದ್ದದ ಬಿಳಿ ಬೂಟು. ಬೆಳಗ್ಗೆ ಬಾಲಯೇಸುವಿನ ಬಟ್ಟೆ ಬುಟ್ಟೀನ ಇವನ ಕುರ್ಚಿ ಪಕ್ಕದಲ್ಲೇ ಇಟ್ಟಿದ್ದು ಅವಳಿಗೆ ನೆನಪಾಯ್ತು.

"ನೀನಾ?" ಅಂದ್ಲು. "ಕೇರಿಗೆ ಕೇರೀನೇ ಅಂಗಳದಲ್ಲಿ ನಿಂತಿದೆ! ಮೂವತ್ತನಾಲ್ಕು ವರ್ಷ ಕಾದು ಕಡೇ ದಿನ ಕಳ್ಳತನವಾ? ಅದೂ ದೇವರ ಬೂಟು!"

ಹಸಿಂತೊನ ಬಾಯಿ ಆಡಿತು.

"ಏನು? ಹೇಳು!"

"ಹಾಡು," ಅಂದ. ಎಡಗೈಯಿಂದ ಗೋಡೆ ತಟ್ಟಿದ. ಆಮೇಲೆ, "ಹೋಗುತ್ತೆ."

ಅವಳು ಗೋಡೆ ನೋಡಿದ್ಲು. ಸುಣ್ಣದ ಮೇಲೆ, ಕೂತವನ ಕಿವಿಯ ಎತ್ತರಕ್ಕೆ ಸರಿಯಾಗಿ, ರೊಟ್ಟಿಯಷ್ಟಗಲ ಎಣ್ಣೆ ಕಲೆ. ಒಂದು ವರ್ಷ ತಲೆ ಆನಿಸಿ ಆನಿಸಿ ಆದ ಕಲೆ. ದಿನಾ ಗುಡಿಸಿದ ಕೋಣೆ, ಅವಳ ಕಣ್ಣಿಗೆ ಅದು ಬಿದ್ದೇ ಇರ್ಲಿಲ್ಲ.

ಎರಡನೇ ಗಂಟೆ ಹೊಡೀತು. ಬೂಟು ತಗೊಂಡು ಹೋಗಿ ಬಾಲಯೇಸುವಿನ ಎಡಗಾಲಿಗೆ ತೊಡಿಸಿದ್ಲು.

ದೋಣೀಲಿ ಬಾಲಯೇಸುವನ್ನ ತೊಡೆ ಮೇಲೆ ಇಟ್ಕೊಂಡು ಚರ್ಚಿನ ತನಕ ಕೂತಿದ್ಲು. ಪೂಜೆ ಮುಗಿದ ಮೇಲೆ ಮುಂದಿನ ಮನೆ ಹೆಂಗಸಿನ ಕೈಗೆ ಕೊಟ್ಟಳು.

"ನೀರು ಬೆಚ್ಚಗಿದ್ರೆ ಸಾಕಮ್ಮಾ, ಬಿಸಿ ಬೇಡ," ಅಂದ್ಲು ಎವ್ಲಾಲಿಯ. "ಮೊದ್ಲು ಮಣಿಕಟ್ಟಿನ ಮೇಲೆ ಬಿಟ್ಟು ನೋಡು." ಇನ್ನೂ ಏನೋ ಹೇಳೋಕೆ ಹೋಗಿ, ಸೆರಗಿನಂತೆ ಹೊದ್ದ ಶಾಲನ್ನ ಬಾಯಿಗೆ ಒತ್ತಿಕೊಂಡ್ಲು.

ಮಾರನೇ ದಿನ ಆರು ಗಂಟೆಗೆ ಕಣ್ಣು ತಾನಾಗೇ ಬಿಡ್ತು. ಒಲೆ ಹಚ್ಚಿದ್ಲು, ನೀರಿಟ್ಟಳು. ಕಿತ್ತಳೆ ಹೂವು ಹಾಕಿದ ಮೇಲೆ ನೆನಪಾಯ್ತು. ಬೋಗುಣಿ ಹಿಡ್ಕೊಂಡು ಖಾಲಿ ತೊಟ್ಟಿಲ ಮುಂದೆ ನಿಂತ್ಲು. ಹಬೆ ಅವಳ ಮುಖಕ್ಕೇ ಬಡೀತಿತ್ತು.

ಪಕ್ಕದ ಕೋಣೇಲಿ ಹಸಿಂತೊ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಅವಳು ಮಂಚದ ಅಂಚಲ್ಲಿ ಕೂತು, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿದ್ಲು. ಬಟ್ಟೆ ಹಿಂಡಿ ಅವನ ಕೆನ್ನೆಗೆ ಇಟ್ಟಾಗ ಅವನು ಬೆಚ್ಚಿದ. ಹಾಡು ಶುರು ಮಾಡಿದ್ಲು. ಕೆಮ್ಮಿ, ಮತ್ತೆ ಮೊದಲಿಂದ ಹೇಳಿದ್ಲು. ಕತ್ತು, ಎದೆ, ಎತ್ತಲಾರದ ಬಲಗೈಯ ಒಂದೊಂದೇ ಬೆರಳು. ಹಾಡು ಮುಗಿಯೋವರೆಗೆ ಒರೆಸಿದ್ಲು.

"ಚೆನ್ನಾಗಿ ನಿದ್ದೆ ಬಂತಾ?" ಅಂತ ಬಾಯಿಗೆ ಬಂದುಬಿಡ್ತು.

"ಇಲ್ಲ," ಅಂದ ಹಸಿಂತೊ.

ಎವ್ಲಾಲಿಯ ಬಟ್ಟೆ ಕೈಲಿ ಹಿಡ್ಕೊಂಡೇ ನಕ್ಕಳು. "ವರ್ಷ ಪೂರ್ತಿ ಕೇಳಿದೀನಿ, ಆ ಸ್ವಾಮಿ ಒಂದು ದಿನಾನೂ ಹಿಂಗಂದಿರ್ಲಿಲ್ಲ ನೋಡು!" ನಗ್ತಾ ನಗ್ತಾ ಕಣ್ಣು ಒರೆಸ್ಕೊಂಡ್ಲು.

ಈಸ್ಟರ್ ಕಳೆದು ಜೋಳ ಬಿತ್ತೋ ಹೊತ್ತಿಗೆ, ಒಂದು ಬೆಳಗ್ಗೆ ಸೊಲೆದಾದ್ ಬುಟ್ಟಿ ಹೊತ್ಕೊಂಡು ಆ ಮನೆ ಮುಂದೆ ಹೋಗ್ತಿದ್ದೋಳು ತಟ್ಟನೆ ನಿಂತ್ಲು. ಬುಟ್ಟಿ ಇಳಿಸಿ ಹಣೆ, ಎದೆ, ಭುಜ ಮುಟ್ಟಿ ಶಿಲುಬೆ ಗುರುತು ಹಾಕ್ಕೊಂಡ್ಲು.

ಹೊಸ್ತಿಲ ಮೇಲೆ, ಅಡಿ ಹೊರಗೆ ಮಾಡಿ ಇಟ್ಟ ಒಂದು ಜೊತೆ ಗಂಡಸಿನ ಬೂಟು. ಎಡಗಾಲಿಂದಕ್ಕೆ ಅಡಿ ಪೂರ್ತಿ ಕಾಲುವೆ ದಂಡೆಯ ಕೆಸರು. ಬಲಗಾಲಿಂದಕ್ಕೆ ತುದಿಗೆ ಮಾತ್ರ, ಕಾಲು ಎಳೆದ ಗೆರೆಯ ಹಾಗೆ, ಇನ್ನೂ ಹಸಿಯಾಗಿ.