ಬಂದು ಹೋದ ಗುಲಾಬಿ

ನಾಲ್ಕು ಗಂಟೆಗೆ ಶಾಲೆಯ ನಲವತ್ತು ಮಕ್ಕಳು ಈಜುಪರೀಕ್ಷೆಗೆ ಬರುವವರಿದ್ದರು. ಈಗ ಎರಡೂಮುಕ್ಕಾಲು. ಕೊಳದ ನೀರು ಇನ್ನೂ ಮಬ್ಬಾಗಿಯೇ ಇತ್ತು. ಮೊಸಳೆ ತಾತನ ಕಣ್ಣಿಗಂತೂ ಹಾಗೆಯೇ ಕಾಣುತ್ತಿತ್ತು.

ಮೊಸಳೆ ತಾತ ಎಂಬುದು ಮಕ್ಕಳು ಇಟ್ಟ ಹೆಸರು. ದಂಡೆಯ ಬೆಂಚಿನ ಮೇಲೆ ಕಣ್ಣು ಅರೆಮುಚ್ಚಿ ಒರಗಿರುತ್ತಿದ್ದ. ಮುದುಕ ಮಲಗಿದ್ದಾನೆ ಎಂದುಕೊಂಡು ಯಾವನಾದರೂ ಅಂಚಿನಲ್ಲಿ ಓಡಿದನೋ, ಮರುಕ್ಷಣ ಅವನ ಕಿವಿ ತಾತನ ಕೈಯಲ್ಲಿ. ಮೂವತ್ತೊಂದು ವರ್ಷ ಈ ಕೊಳವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವನು. ಇಷ್ಟು ವರ್ಷದಲ್ಲಿ ಒಂದು ಮಗುವಿಗೂ ಏನೂ ಆಗಿರಲಿಲ್ಲ. ಅದೊಂದು ಮಾತನ್ನು ಆಡುವಾಗ ಅವನ ಕುತ್ತಿಗೆ ತಾನಾಗಿ ನೆಟ್ಟಗಾಗುತ್ತಿತ್ತು.

ಭಾನುವಾರದ ಸೆಕೆಗೆ ಅರ್ಧ ಊರೇ ಬಂದು ನೀರಿಗೆ ಬಿದ್ದಿತ್ತು. ಅಷ್ಟು ಜನರ ಬೆವರು, ತಲೆಯೆಣ್ಣೆ, ಮತ್ತೆ ಯಾರೂ ಒಪ್ಪಿಕೊಳ್ಳದ ಇನ್ನೊಂದು, ಎಲ್ಲವನ್ನೂ ಕೊಂದು ಕೊಂದು ಕ್ಲೋರಿನ್ ಸೋತುಹೋಯಿತು. ಸೋಮವಾರ ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಗಿತ್ತು. ತಳದ ಜಾಲರಿ ಕಾಣದೆ ಯಾರನ್ನೂ ನೀರಿಗೆ ಬಿಡಬಾರದು ಎಂಬುದು ಕೊಳದ ನಿಯಮ. ಮಬ್ಬು ನೀರಲ್ಲಿ ಮುಳುಗಿದವನು ಮೇಲಿದ್ದವರಿಗೆ ಕಾಣುವುದಿಲ್ಲ. ಹೀಗಾಗಿ ಪರೀಕ್ಷೆ ಎರಡು ಸಲ ಮುಂದಕ್ಕೆ ಹೋಗಿತ್ತು. ಮೇಲ್ವಿಚಾರಕ ಬೆಳಿಗ್ಗೆ ಫೋನಿನಲ್ಲಿ, ನಯವಾಗಿಯೇ, ಕತ್ತರಿಸುವ ಮಾತು ಆಡಿದ್ದ.

"ತಾತ, ಇವತ್ತೂ ಆಗ್ಲಿಲ್ಲ ಅಂದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗತ್ತೆ. ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡುತ್ತಾರೆ? ಮನೆಯಲ್ಲಿ ಮೊಮ್ಮಗಳು ಪುಟ್ಟಿಯ ಕ್ರಯಾನ್ ಹೆಕ್ಕುತ್ತಾ ಕೂರುವುದು ಅವನಿಗೆ ಬೇಡವಾಗಿತ್ತು.

ಮದ್ದು ಅವನಿಗೆ ಹೊಸದೇನಲ್ಲ. ರಾತ್ರಿಯೇ ಕ್ಲೋರಿನ್ ಪುಡಿಯನ್ನು ಬಕೆಟ್ಟಿನಲ್ಲಿ ಕರಗಿಸಿ ಸುತ್ತಲೂ ಸುರಿದು, ಪಂಪು ನಿಲ್ಲಿಸದೆ ಓಡಿಸಿ, ಬೆಳಿಗ್ಗೆ ಎದ್ದು ಮರಳಿನ ಫಿಲ್ಟರನ್ನು ಹಿಮ್ಮುಖವಾಗಿ ನೀರು ಹಾಯಿಸಿ ತೊಳೆದಿದ್ದ. ಆಮೇಲೆ ಗಾಜಿನ ನಳಿಕೆಯಲ್ಲಿ ಕೊಳದ ನೀರು ಹಿಡಿದು ಪರೀಕ್ಷೆಯ ಗುಳಿಗೆ ಹಾಕಿದ. ಕ್ಲೋರಿನ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗಬೇಕು. ಮನೆಯವರೆಲ್ಲರ ಬಾಯಲ್ಲಿ ಅದಕ್ಕೆ 'ಗುಲಾಬಿ' ಎಂದೇ ಹೆಸರು, ಮಗ ಊಟಕ್ಕೆ ಕೂರುವಾಗ "ಗುಲಾಬಿ ಬಂತಾ ಅಪ್ಪ?" ಎಂದು ಕೇಳಿದರೆ ಕೊಳ ಸರಿಯಿದೆಯಾ ಎಂದು ಅರ್ಥ.

ಬರಲಿಲ್ಲ. ನೀರು ಹಾಗೇ ಬಿಳಿ. ಹಾಕಿದ್ದೆಲ್ಲ ಕೊಳೆ ತಿಂದುಬಿಟ್ಟಿದೆ ಎಂದುಕೊಂಡು ಹತ್ತು ಗಂಟೆಗೆ ಇನ್ನೆರಡು ಬಕೆಟ್ಟು ಸುರಿದ. ಹನ್ನೆರಡಕ್ಕೂ ಗುಲಾಬಿ ಇಲ್ಲ, ಮತ್ತೆರಡು. ಎರಡು ಗಂಟೆಗೆ ನೋಡಿದರೂ ಇಲ್ಲ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಈ ಕೊಳಕ್ಕೆ ಏನು ದರಿದ್ರ ಹಿಡಿಯಿತು ಎಂದು ಬೈಯುತ್ತಾ ಅವನು ಆ ದಿನದ ಐದನೆಯ ಬಕೆಟ್ಟು ಕಲಸಲು ಕೂತ.

ಕೊಳದಲ್ಲೇ ಟಿಕೆಟ್ ಕೊಡುವ ಕೆಲಸದಲ್ಲಿದ್ದ ಸೊಸೆ ಆಗ ತನ್ನ ಕೋಣೆಯಿಂದ ಬಂದಳು. ನೆಲದ ಮೇಲಿದ್ದ ಪುಡಿಯ ಡಬ್ಬ ನೋಡಿ ಅವಳ ಹುಬ್ಬು ಗಂಟಾಯಿತು.

"ಮಾವ, ಇದು ಎಷ್ಟನೇದು?"

"ಗುಲಾಬಿ ಬರೋವರೆಗೂ ಹಾಕಲೇಬೇಕಲ್ಲಮ್ಮ. ನೀನೇ ನೋಡು ಬೇಕಾದ್ರೆ."

ಅವಳ ಎದುರಿಗೇ ನಳಿಕೆ ತುಂಬಿಸಿ ಗುಳಿಗೆ ಹಾಕಿದ. ಅಲ್ಲಾಡಿಸಿ ಬೆಳಕಿಗೆ ಹಿಡಿದ.

"ನೋಡಿದ್ಯಾ? ಬರಲೇ ಇಲ್ಲ."

"ಬಂತಲ್ಲ ಮಾವ," ಅಂದಳು ಸೊಸೆ. "ಬಂದು ಹೋಯ್ತು."

ತಾತ ನಳಿಕೆಯನ್ನು ಕಣ್ಣಿನ ಹತ್ತಿರಕ್ಕೆ ತಂದ.

ಈ ಕಸುಬಿನವರಿಗೆ ಮೊದಲ ವರ್ಷವೇ ಹೇಳಿಕೊಡುವ ಪಾಠ ಅದು. ಕ್ಲೋರಿನ್ ಇಲ್ಲದಿದ್ದರೆ ಬಣ್ಣ ಬರುವುದಿಲ್ಲ. ವಿಪರೀತ ಇದ್ದರೆ ಬಣ್ಣ ಬರುತ್ತದೆ, ಬಂದ ಬಣ್ಣವನ್ನೂ ಕ್ಲೋರಿನ್ನೇ ತಿಂದು ಬಿಳಿ ಮಾಡಿಬಿಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವ ಆಟ. ತಾತ ಎಷ್ಟೋ ಹುಡುಗರಿಗೆ ಇದನ್ನು ತಲೆಗೆ ಮೊಟಕಿ ಕಲಿಸಿದ್ದ. ಈಗ ಬೆಳಿಗ್ಗೆಯಿಂದ ನಾಲ್ಕು ಸಲ ಗುಲಾಬಿ ಅವನ ಮೂಗಿನ ಮುಂದೆಯೇ ಬಂದು ಹೋಗಿತ್ತು, ಅವನಿಗೆ ಕಂಡಿರಲಿಲ್ಲ.

ಅವನು ಅಳತೆಯ ಚಮಚ ತಂದ. ಒಂದು ಚಮಚ ಕೊಳದ ನೀರಿಗೆ ಒಂಬತ್ತು ಚಮಚ ಕುಡಿಯುವ ನೀರು ಬೆರೆಸಿ ಮತ್ತೆ ಗುಳಿಗೆ ಹಾಕಿ, ನಳಿಕೆಯನ್ನೂ ಬಣ್ಣದ ಪಟ್ಟಿಯನ್ನೂ ಸೊಸೆಯ ಕೈಗೇ ಕೊಟ್ಟ. ಈ ಸಲ ಗುಲಾಬಿ ಬಂದು ನಿಂತಿತು. ಅವಳು ಪಟ್ಟಿಗೆ ಹಿಡಿದು ಹೋಲಿಸಿದಳು.

"ಎರಡೂವರೆ."

"ಹತ್ತರಿಂದ ಗುಣಿಸು."

"ಇಪ್ಪತ್ತೈದು," ಅಂದಳು ಅವಳು. ಮಕ್ಕಳು ಇಳಿಯುವ ನೀರಲ್ಲಿ ಮೂರು ದಾಟಬಾರದು. ಅತಿಯಾದರೆ ಅಮೃತವೂ ವಿಷ ಅನ್ನುತ್ತಾರೆ. ಇದು ಮೊದಲೇ ಅಮೃತವಲ್ಲ.

"ನೀರು ಈಗ ಹೇಗಿದೆ?" ತಾತ ಮೆಲ್ಲಗೆ ಕೇಳಿದ.

"ಬೆಳಿಗ್ಗೆಯಿಂದ್ಲೇ ತಿಳಿಯಾಗಿದೆಯಲ್ಲ ಮಾವ. ಕಿಟಕಿಯಿಂದ್ಲೇ ಕಾಣ್ತಿತ್ತು." ಆಮೇಲೆ ಅವಳಿಗೆ ಎಲ್ಲ ಹೊಳೆಯಿತು. ಮಾವನ ಮುಖ ನೋಡಿದಳು, ಗಡಿಯಾರ ನೋಡಿದಳು. ಮೂರೂವರೆ. ಸ್ವರ ತಗ್ಗಿಸಿದಳು. "ಪಂಪು ಕೆಟ್ಟಿದೆ ಅಂತ ಹೇಳೋಣ. ನಾನೇ ಫೋನ್ ಮಾಡ್ತೀನಿ. ರಾತ್ರಿ ನೀರು ಬಿಟ್ಟು ಹೊಸ ನೀರು ತುಂಬ್ಸಿದ್ರಾಯ್ತು. ನಾಳೆಯಿಂದ ಗುಳಿಗೆ ನಾನೇ ಹಾಕಿ ನೋಡ್ತೀನಿ. ಯಾರಿಗೂ ಗೊತ್ತಾಗಲ್ಲ."

ತಾತನಿಗೆ ಆ ಮಾತು ಬಿಸಿಲಲ್ಲಿ ಸಿಕ್ಕ ನೆರಳಿನ ಹಾಗೆ ಹಿತವಾಯಿತು. ಹೂಂ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಗೇಟಿನ ಹತ್ತಿರ ಗಲಾಟೆ ಕೇಳಿಸಿತು. ಮಕ್ಕಳು ಅರ್ಧ ಗಂಟೆ ಮೊದಲೇ ಬಂದಿದ್ದರು, ಮೇಲ್ವಿಚಾರಕನೇ ಕರೆತಂದಿದ್ದ.

"ಅಬ್ಬಾ, ಗಾಜಿನ ಹಾಗಿದೆಯಲ್ಲ ನೀರು," ಅಂದ ಮೇಲ್ವಿಚಾರಕ, ಮುಖ ಅರಳಿಸಿ. "ಇಲ್ಲಿಂದ್ಲೇ ಜಾಲರಿ ಕಾಣ್ತಿದೆ. ನೀವೂ ಸುಮ್ನೆ ಹೆದರಿಸಿದ್ರಿ ತಾತ."

ಸಿಮೆಂಟಿನ ಮೇಲೆ ಬರಿಗಾಲು ಓಡಿದ ಸದ್ದಾಯಿತು. ಯಾರೋ ಸಾಲು ಬಿಟ್ಟು ಮೆಟ್ಟಿಲ ಕಡೆ ಹೋಗುತ್ತಿದ್ದರು. ತಾತ ಕಣ್ಣು ಕಿರಿದು ಮಾಡಿದ. ಕೆಂಪಗಿನದೊಂದು ಏನೋ ಅಲುಗಾಡಿದ್ದಷ್ಟೇ ಕಂಡಿತು. ಹುಡುಗನೋ ಹುಡುಗಿಯೋ, ನೀರಿಗೆ ಎಷ್ಟು ಹತ್ತಿರವೋ, ಒಂದೂ ತಿಳಿಯಲಿಲ್ಲ.

"ನಿಲ್ಲು!"

ಮೂವತ್ತೊಂದು ವರ್ಷದ ಗಂಟಲು ಅದು. ಇಡೀ ಸಾಲು ಗಪ್‌ಚಿಪ್ಪಾಯಿತು. ಕೆಂಪು ಟೋಪಿಯ ಹುಡುಗಿ ಮೊದಲ ಮೆಟ್ಟಿಲ ಮೇಲೆ ಒಂದು ಕಾಲು ಎತ್ತಿಕೊಂಡು ನಿಂತುಬಿಟ್ಟಳು. ಸೊಸೆ ಓಡಿಹೋಗಿ ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದಳು.

"ಏನಾಯ್ತು?" ಮೇಲ್ವಿಚಾರಕ ಹತ್ತಿರ ಬಂದ.

"ಸಾರ್, ಪಂಪು..." ಅಂದಳು ಸೊಸೆ, ಏದುಸಿರು ಬಿಡುತ್ತಾ.

"ಪಂಪು ಸರಿಯಿದೆ," ಅಂದ ತಾತ. "ನಾನು ಪುಡಿ ಹೆಚ್ಚು ಹಾಕಿದೀನಿ. ಎಂಟು ಪಟ್ಟು. ಯಾರೂ ಇಳಿಯೋ ಹಾಗಿಲ್ಲ."

"ನೀವಾ? ನಿಮ್ಮಂಥವರು ಹೇಗೆ..."

ಅಲ್ಲಿಗೇ ನಿಲ್ಲಿಸಬಹುದಿತ್ತು. ಎಡವುವುದು ನಡೆಯುವವನೇ ತಾನೆ, ಒಂದು ತಪ್ಪಿಗೆ ಯಾರೂ ಮೂವತ್ತೊಂದು ವರ್ಷವನ್ನು ಕಸದ ಬುಟ್ಟಿಗೆ ಹಾಕುವುದಿಲ್ಲ. ತಾತನಿಗೂ ಅದು ಗೊತ್ತಿತ್ತು. ಆದರೆ ಆ ಎತ್ತಿದ ಕಾಲು, ಅವನಿಗೆ ಕಾಣದಿದ್ದ ಆ ಕಾಲು, ಅವನನ್ನು ಸುಮ್ಮನಿರಲು ಬಿಡಲಿಲ್ಲ.

"ಗುಳಿಗೆಯ ಬಣ್ಣ ಕಾಣಿಸ್ಲಿಲ್ಲ. ಕಣ್ಣಿಗೆ ಪೊರೆ ಬಂದಿದೆ ಅನ್ಸತ್ತೆ."

ಮೇಲ್ವಿಚಾರಕ ಗೇಟಿನ ಪಕ್ಕದ ಹಲಗೆಯ ಕಡೆ ತಿರುಗಿದ. ಪ್ರತಿದಿನ ತೆರೆಯುವ ಮೊದಲು 'ತಳ ಕಾಣುತ್ತಿದೆ' ಎಂದು ಸೀಮೆಸುಣ್ಣದಲ್ಲಿ ಅದರ ಮೇಲೆ ಬರೆಯುವುದು ತಾತನ ಕೆಲಸ.

"ಇದನ್ನ ದಿನಾ ಏನು ನೋಡಿ ಬರೀತಿದ್ರಿ?"

"ನೋಡಿ ಬರೀಲಿಲ್ಲ," ಅಂದ ತಾತ. "ಅಭ್ಯಾಸದಿಂದ ಬರೆದೆ. ಎರಡು ತಿಂಗಳಾಯ್ತು, ನನಗೆ ತಳ ಕಂಡಿಲ್ಲ."

ಟೀಚರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎಣಿಸಿಕೊಂಡು ಗೇಟಿನಾಚೆ ನಡೆಸಿದರು. ಮೇಲ್ವಿಚಾರಕ ಕೈ ಚಾಚಿದ. ತಾತ ಗೇಟಿನ ಬೀಗದಕೈ ಕೊಟ್ಟ. ಕೆಲಸ ಹೋಯಿತೆಂಬ ದುಃಖ ಅವನಿಗೆ ಆಗ ಆಗಲೇ ಇಲ್ಲ. ಆದದ್ದು ಭಯ. ಎರಡು ತಿಂಗಳ ಒಂದೊಂದು ಸಂಜೆಯೂ, ಒಂದೊಂದು ಮಗುವಿನ ತಲೆಯೂ ನೆನಪಾಗಿ ಅವನು ಬೆಂಚಿನ ಮೇಲೆ ಕುಸಿದು ಕೂತ.

ಸೊಸೆ ಹತ್ತಿರ ಬಂದು ನಿಂತಳು. ಈಗಷ್ಟೇ ಅವನಿಗಾಗಿ ಸುಳ್ಳು ಹೇಳಲು ಹೊರಟಿದ್ದವಳು.

"ಮಾವ, ನಮ್ಮ ಪುಟ್ಟಿ ದಿನಾ ಸಂಜೆ ಇಲ್ಲೇ ಈಜ್ತಿದ್ಲು," ಅಂದಳು. "ನೀವಿದೀರಲ್ಲ ಅಂತ ನಾನು ಒಂದು ದಿನವೂ ಎದ್ದು ಬಂದು ನೋಡ್ಲಿಲ್ಲ."