ಅಂಗಿ ಜೇಬಿನ ದನಿ

ಬೋರಣ್ಣ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಹುರಿಗಡಲೆ ಮೆಲ್ಲುತ್ತಿದ್ದಾಗ ಅಂಗಿ ಜೇಬಿನಲ್ಲಿದ್ದ ಮೊಬೈಲು ಮಾತಾಡಿತು.

"ಲಿಖಿತನ ಸಕ್ಕರೆ ಎಪ್ಪತ್ತು. ಇಳಿಯುತ್ತಿದೆ."

ಬೋರಣ್ಣ ಅಗಿಯುವುದನ್ನು ನಿಲ್ಲಿಸಿದ. ಮೊಮ್ಮಗ ಈಗ ಸ್ಕೂಲ್ ಬಸ್ಸಿನಲ್ಲಿರಬೇಕು. ಆಟೋಟದ ದಿನ ಹತ್ತಿರ ಬಂದಿದ್ದರಿಂದ ವಾರದಿಂದ ಮಕ್ಕಳನ್ನು ಬಿಸಿಲಲ್ಲಿ ಓಡಿಸುತ್ತಿದ್ದರು. ಓಡಿದ ದಿನ ಲಿಖಿತನ ಸಕ್ಕರೆ ದಿಢೀರನೆ ಬೀಳುತ್ತದೆಂದು ಸೊಸೆ ಅರ್ಪಿತ ಬೆಳಿಗ್ಗೆಯಷ್ಟೇ ಹೇಳಿ ಹೋಗಿದ್ದಳು.

ಲಿಖಿತನಿಗೆ ಏಳು ವರ್ಷ. ಐದು ತುಂಬುವ ಮೊದಲೇ ಸಕ್ಕರೆ ಕಾಯಿಲೆ ಬಂದು, ದಿನವೂ ಇನ್ಸುಲಿನ್ ಚುಚ್ಚಿಸಿಕೊಳ್ಳುವ ಮಗು. ತೋಳಿಗೆ ರೂಪಾಯಿ ಬಿಲ್ಲೆಯಷ್ಟಗಲದ ಒಂದು ಸೆನ್ಸರ್ ಅಂಟಿಸಿದ್ದರು. ಅದನ್ನು ಮಾರಿದ ಕಂಪನಿಯ ಆ್ಯಪು ಲೆಕ್ಕ ತೋರಿಸುತ್ತಿದ್ದುದು ಹುಡುಗನ ಸೊಂಟದ ಚೀಲದಲ್ಲಿದ್ದ ಫೋನಿಗೆ ಮಾತ್ರ. ಮಗು ಎಲ್ಲೋ ಕುಸಿದರೆ ಮನೆಯವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಆಗ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಕಲಬುರಗಿಯ ಮೌನೇಶ ಬೇರೊಂದು ಆ್ಯಪು ತಂದು ಬೋರಣ್ಣ, ಮಗ, ಸೊಸೆ ಮೂವರ ಫೋನಿಗೂ ಹಾಕಿದ್ದ.

ಬೋರಣ್ಣನಿಗೆ ಅದು ಹಿಡಿಸಿರಲಿಲ್ಲ. "ಕಾಸಿಲ್ದೆ ಯಾವನ್ ಕೊಡ್ತಾನಪ್ಪ? ನಮ್ ಹೊಲ ಬರಸ್ಕೊಂಡ್ ಹೋದೋರೂ ಮೊದ್ಲು ಪುಕ್ಸಟ್ಟೆ ಕಾಫಿನೇ ಕುಡ್ಸಿದ್ರು" ಎಂದು ಗೊಣಗಿದ್ದ.

"ಇದು ಹಂಗಲ್ರಿ ಅಜ್ಜಾರ" ಎಂದಿದ್ದ ಮೌನೇಶ. "ಇಂಥ ಮಕ್ಕಳ ಅವ್ವ-ಅಪ್ಪನೇ ಕೂಡಿ ಬರದಾರ್ರಿ. ಬರದದ್ದು ಮುಚ್ಚಿಟ್ಟಿಲ್ಲ. ಯಾರ್ ಬೇಕಾದ್ರೂ ತಗೋಬಹುದು, ತಮಗ ಬೇಕಾದಂಗ ತಿದ್ದಕೋಬಹುದು."

ತಿದ್ದಿಕೊಂಡಿದ್ದೂ ಆಯಿತು. ಮೊದಲು ಅದು ಇಂಗ್ಲಿಷಿನಲ್ಲಿ ಏನೋ ಬರೆದು ಕುಯ್‌ಗುಡುತ್ತಿತ್ತು. ಕನ್ನಡ ಬಿಟ್ಟು ಬೇರೆ ಓದು ಬಾರದ ಬೋರಣ್ಣ ಒಮ್ಮೆ ಅದನ್ನು ರೀಚಾರ್ಜಿನ ಮೆಸೇಜು ಅಂದುಕೊಂಡು ಒರೆಸಿ ಹಾಕಿದ್ದ. ಅದು ತಿಳಿದ ಮೇಲೆ ಮೌನೇಶ ಎರಡು ಭಾನುವಾರ ಕೂತು, ಆ್ಯಪಿಗೆ ಕನ್ನಡದಲ್ಲಿ ಮಾತು ಕಲಿಸಿದ್ದ.

ಈಗ ಆ ಮಾತು ಮತ್ತೆ ಬಂತು. "ಲಿಖಿತನ ಸಕ್ಕರೆ ಅರವತ್ತೊಂದು. ಬೇಗ ಇಳಿಯುತ್ತಿದೆ."

ಅರ್ಪಿತಳಿಗೆ ಫೋನು ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಬಿಟಿಎಂನ ಅವಳ ಆಫೀಸಿನಲ್ಲಿ ಕೆಲಸಕ್ಕೆ ಕೂರುವ ಮುಂಚೆ ಫೋನನ್ನು ಲಾಕರಿನಲ್ಲಿಡಬೇಕು. ತುಮಕೂರಿಗೆ ಹೋಗಿದ್ದ ಮಗ ದೀಪಕನ ಫೋನು ಸ್ವಿಚ್ಡ್ ಆಫ್. ಕೊನೆಗೆ ಬಸ್ಸಿನ ಡ್ರೈವರ್ ಪ್ರಮೋದನಿಗೆ ಮಾಡಿದ. ಮೂರನೇ ಸಲಕ್ಕೆ ಎತ್ತಿದ.

"ಪ್ರಮೋದಾ, ನಮ್ ಲಿಖಿತ ಹೆಂಗವ್ನೆ ನೋಡಪ್ಪ."

"ಮಲಗಿದಾನೆ ಸಾರ್. ಆರಾಮಾಗಿದಾನೆ."

"ಮಲಗಿಲ್ಲ ಕಣಪ್ಪ ಅವ್ನು! ಸಕ್ಕರೆ ಬೀಳ್ತಾ ಐತೆ. ಆಯಮ್ಮಂಗೆ ಕೊಡು ಫೋನ."

"ಆಯಾ ಇವತ್ತು ಬೇರೆಯೋರು ಸಾರ್, ಹೊಸಬ್ರು. ರಿಂಗ್ ರೋಡಲ್ಲಿ ಸಖತ್ ಜಾಮು. ಹಿಂದೆ ಟ್ರಾಫಿಕ್ ಪೊಲೀಸ್ ಬರ್ತಿದಾನೆ, ಇಡ್ತೀನಿ, ಬಂದ್ಬಿಟ್ವಿ."

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಬೋರಣ್ಣ ಅಡುಗೆಮನೆಗೆ ನುಗ್ಗಿ ಜೇನಿನ ಬಾಟಲಿ ಎತ್ತಿಕೊಂಡ. "ಇದೇನ್ರೀ, ಎಲ್ಲಿಗ್ ಹೊಂಟ್ರಿ?" ಎಂದು ಹೆಂಡತಿ ಬೈರಮ್ಮ ಕೂಗಿದ್ದು ಕೇಳಿಸಿತು. ಉತ್ತರ ಕೊಡಲು ನಿಲ್ಲಲಿಲ್ಲ. ಸ್ಕೂಟರ್ ಹತ್ತಿ ಕೆರೆಯ ಪಕ್ಕದ ರಸ್ತೆಯಲ್ಲಿ ಹಾರನ್ನು ಒತ್ತಿಕೊಂಡೇ ಹೋದ.

ರಿಂಗ್ ರೋಡಿನ ಬಾಯಲ್ಲಿ ವಾಹನಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಸ್ಕೂಟರು ತೂರುವಷ್ಟೂ ಸಂದಿಯಿಲ್ಲ. ಅದನ್ನು ಒಂದು ಬೇಕರಿಯ ಮುಂದೆ ಒರಗಿಸಿ, ಕೀ ತೆಗೆಯುವುದನ್ನೂ ಮರೆತು, ಬಾಟಲಿಯನ್ನು ಎದೆಗೆ ಅವುಚಿಕೊಂಡು ಕತ್ರಿಗುಪ್ಪೆ ಕಡೆಗೆ ಓಡತೊಡಗಿದ.

"ಲಿಖಿತನ ಸಕ್ಕರೆ ಐವತ್ತೆರಡು. ಅಪಾಯ. ಬೇಗ ಇಳಿಯುತ್ತಿದೆ."

ಜೇಬಿನ ದನಿಗೆ ಪಕ್ಕದ ಬೈಕಿನವನು ತಿರುಗಿ ನೋಡಿದ. ಬೋರಣ್ಣನಿಗೆ ಉಸಿರು ಸಿಗುತ್ತಿರಲಿಲ್ಲ. ಹಿಂದೊಮ್ಮೆ ನಲವತ್ತರ ಕೆಳಗೆ ಹೋದಾಗ ಮಗುವಿನ ಕೈಕಾಲು ಸೆಟೆದುಕೊಂಡಿದ್ದು, ಅರ್ಪಿತ ಆಸ್ಪತ್ರೆಯ ನೆಲದ ಮೇಲೆ ಕೂತು ಅತ್ತಿದ್ದು ಕಣ್ಣಿಗೆ ಕಟ್ಟಿತು.

ಮುಂದೆ ಹಳದಿ ಬಸ್ಸೊಂದು ಕಂಡಿತು. ಓಡಿ ಹೋಗಿ ಬಾಗಿಲು ಬಡಿದ. ಬೇರೆ ಸ್ಕೂಲಿನದು. ಅದರ ಹಿಂದೆ ನೀರಿನ ಟ್ಯಾಂಕರು, ಕಾರುಗಳು, ಮತ್ತೊಂದು ಹಳದಿ ಬಸ್ಸು. ಅದೂ ಅಲ್ಲ. ಚಪ್ಪಲಿಯ ಉಂಗುಷ್ಠ ಕಿತ್ತು ಬಂತು. ಎರಡನ್ನೂ ಅಲ್ಲೇ ಬಿಟ್ಟು ಬರಿಗಾಲಲ್ಲಿ ಹೊರಟ.

ಜೇಬು ಮತ್ತೆ ಮಾತಾಡಿತು. "ಹೊಸ ಅಳತೆ ಬಂದಿಲ್ಲ."

ಅದು ಎಲ್ಲಕ್ಕಿಂತ ಕೆಟ್ಟ ಮಾತಾಗಿತ್ತು. ಇಳಿಯುತ್ತಿದೆ ಎಂದಾದರೂ ಹೇಳಬಾರದೆ ಎಂದು ಬೋರಣ್ಣನ ಜೀವ ಒದ್ದಾಡಿತು. ಫ್ಲೈಓವರಿನ ನೆರಳಿನಲ್ಲಿ ಮೂರನೆಯ ಬಸ್ಸು. ಸ್ಟೀರಿಂಗಿನ ಹಿಂದೆ ಪ್ರಮೋದನ ಮುಖ.

"ಬಾಗ್ಲು ತೆಗಿ!"

ಪ್ರಮೋದ ಬೆಚ್ಚಿ ಬಾಗಿಲು ತೆಗೆದ. ಹೊಸ ಆಯಾ ಎದ್ದು ಅಡ್ಡ ಬಂದಳು. "ಯಾರ್ ನೀವು? ಮಕ್ಳು ಇರೋ ಬಸ್ಸಿಗೆ ಹಿಂಗೆಲ್ಲ ಹತ್ತಂಗಿಲ್ಲ." ಬೋರಣ್ಣ ಅವಳನ್ನು ಸರಿಸಿಕೊಂಡೇ ಒಳಗೆ ನಡೆದ.

ಲಿಖಿತ ಕಿಟಕಿಗೆ ತಲೆಯಾನಿಸಿ ಕೂತಿದ್ದ. ಯಾರು ನೋಡಿದರೂ ಆಡಿ ದಣಿದ ಮಗು ನಿದ್ದೆಹೋಗಿದೆ ಅನ್ನಬೇಕು. ಹಾಗಿತ್ತು ಮುಖ. ಆದರೆ ಮುಟ್ಟಿದರೆ ಕತ್ತು ತಣ್ಣಗೆ ಬೆವೆತು ಅಂಗಿ ಒದ್ದೆಯಾಗಿತ್ತು.

"ಮಗಾ. ಲೇ ಮಗಾ. ತಾತ ಬಂದಿವ್ನಿ, ಕಣ್ ಬಿಡ್ಲಾ."

ರೆಪ್ಪೆ ಅರ್ಧ ತೆರೆದು ಮುಚ್ಚಿತು. ತುಟಿ ಏನೋ ತೊದಲಿತು. ಇನ್ನೂ ನುಂಗಬಲ್ಲ, ಅಷ್ಟು ಸಾಕು. ಮಂಪರಿನಲ್ಲಿರುವಾಗ ಬಾಯಿಗೆ ನೀರು, ಜ್ಯೂಸು ಸುರಿಯಬಾರದೆಂದು ಡಾಕ್ಟರು ಹೇಳಿದ್ದು ಅವನಿಗೆ ನೆನಪಿತ್ತು. ಬೆರಳಿಗೆ ಜೇನು ಹಚ್ಚಿಕೊಂಡು ಕೆನ್ನೆಯ ಒಳಗೆ, ವಸಡಿನ ಮೇಲೆ ತಿಕ್ಕಿದ. ಮತ್ತೆ ಹಚ್ಚಿದ, ಮತ್ತೆ ತಿಕ್ಕಿದ. ಜೇನು ಮಗುವಿನ ಗಲ್ಲದ ಮೇಲೂ ಇಳಿಯುತ್ತಿತ್ತು. ಬಸ್ಸಿನ ಮಕ್ಕಳೆಲ್ಲ ಸೀಟಿನಿಂದ ಎದ್ದು ನೋಡುತ್ತಿದ್ದರು.

"ನಂಗೆ ಯಾರೂ ಹೇಳ್ಲಿಲ್ಲ ಅಂಕಲ್" ಎಂದಳು ಆಯಾ. "ಮಲ್ಕೊಂಡಿದೆ ಅಂತ ನಾನೇ ಕಿಟಕಿ ಪರದೆ ಎಳೆದೆ."

ಬೋರಣ್ಣ ಮತ್ತಷ್ಟು ಜೇನು ಹಚ್ಚಿದ. ಲಿಖಿತನ ಗಂಟಲು ಅಲ್ಲಾಡಿತು. ನುಂಗಿದ. ಮತ್ತೊಮ್ಮೆ ನುಂಗಿದ. ಬೋರಣ್ಣ ಬೆರಳು ತೆಗೆಯಹೋದರೆ ತುಟಿಯಿಂದ ಹಿಡಿದುಕೊಂಡು ಚೀಪಿದ. ತುಸು ಹೊತ್ತಿನಲ್ಲಿ ಕಣ್ಣು ಪೂರ್ತಿ ತೆರೆದು, "ತಾತಾ, ನಿನ್ ಚಪ್ಲಿ ಎಲ್ಲಿ?" ಎಂದ.

"ಲಿಖಿತನ ಸಕ್ಕರೆ ಐವತ್ತೆಂಟು. ಏರುತ್ತಿದೆ."

ಬೋರಣ್ಣ ಅಂಗಿಯ ತುದಿಯಿಂದ ಮಗುವಿನ ಗಲ್ಲದ ಜೇನು ಒರೆಸಿದ.

ಅಲ್ಲಿಂದ ಗಿರಿನಗರದ ಕ್ಲಿನಿಕ್ಕಿಗೆ ಕರೆದೊಯ್ದು ತೋರಿಸಿದರು. ಡಾಕ್ಟರು ಪರೀಕ್ಷೆ ಮಾಡಿ, ಊಟ ಕೊಡಿಸಿ ಮನೆಗೆ ಕಳಿಸಿದರು. ಅಷ್ಟರಲ್ಲಿ ಬಂದ ಅರ್ಪಿತ ಮಗನನ್ನು ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ. "ಮಾವ, ನಾನು ಲಾಕರ್ ತೆಗೆದಾಗ ಎಲ್ಲ ಮುಗಿದಿತ್ತು. ಅಷ್ಟೂ ಅಲಾರಂ ಒಟ್ಟಿಗೆ ನೋಡ್ದೆ" ಎಂದಳು.

ಸಂಜೆ ಬೋರಣ್ಣ ಪಾದಕ್ಕೆ ಎಣ್ಣೆ ಹಚ್ಚಿಸಿಕೊಂಡು ಮಹಡಿ ಹತ್ತಿದ.

"ಈ ಆ್ಯಪು ಬರ್ದೋರು ಎಲ್ಲವ್ರೆ ಮೌನೇಶಪ್ಪ?"

"ಒಂದ ಕಡೆ ಇಲ್ರಿ ಅಜ್ಜಾರ. ಬ್ಯಾರೆ ಬ್ಯಾರೆ ದೇಶದಾಗ ಅದಾರ. ಆದ್ರ ಅವ್ರೆಲ್ಲ ಕೂಡಿ ಮಾತಾಡೋ ಜಾಗ ಒಂದ್ ಅದರಿ. ಅಲ್ಲಿ ಬರದ್ರ ಎಲ್ಲಾರೂ ಓದ್ತಾರ."

"ಹಂಗಾದ್ರೆ ಬರಿ. ಕನ್ನಡದಾಗೇ ಬರಿ."

"ಕೆಳಗ ಇಂಗ್ಲಿಷಿನ್ಯಾಗೂ ಹಾಕ್ತೀನ್ರಿ. ಹೇಳ್ರಿ."

"ನಾನು ಹೊಸಕೆರೆಹಳ್ಳಿ ಬೋರಣ್ಣ" ಎಂದು ಶುರುಮಾಡಿದವನು ಅಲ್ಲಿಗೇ ನಿಂತ. ಮೌನೇಶ ಬೆರಳನ್ನು ಲ್ಯಾಪ್‌ಟಾಪಿನ ಕೀಲಿಗಳ ಮೇಲಿಟ್ಟುಕೊಂಡು ಕಾದ. ಕೆಳಗಿನ ಮನೆಯಿಂದ ಮುದ್ದೆ ಬೇಡವೆಂದು ಲಿಖಿತ ಬೈರಮ್ಮನ ಜೊತೆ ಜಗಳವಾಡುತ್ತಿದ್ದುದು ಕೇಳಿಸುತ್ತಿತ್ತು.

"ಮೊಮ್ಮಗ ಉಣ್ಣಾಕ್ ಕೂತವ್ನೆ ಅಂತ ಬರಿ" ಎಂದ ಬೋರಣ್ಣ. "ಅವರ್ಗೂ ಇಂಥ ಮಕ್ಳವ್ರೆ ಅಂದ್ಯಲ್ಲ, ತಿಳ್ಕೊತಾರೆ."