ಕಾಶ್ಯಪ ಗೋತ್ರದವರು

ಪದ್ಮ ಮಾಘ ಮಾಸದಲ್ಲಿ ತೀರಿಕೊಂಡಳು. ಅವಳು ಕೊಟ್ಟ ಮಾತು ಮಾತ್ರ ಉಳಿದು ಗಂಡ ಸತ್ಯನಾರಾಯಣರ ಹೆಗಲಿಗೆ ಬಿತ್ತು.

ಮಾತು ಕೊಟ್ಟದ್ದು ಎದುರು ಮನೆಯ ಕೆನೆತ್ ಲಾವ್ ಅವರಿಗೆ. ಲಾವ್ ಅವರ ಮುತ್ತಜ್ಜ ಚೀನಾದಿಂದ ಬಂದು, ಅಮೆರಿಕದ ಪಶ್ಚಿಮದ ಹಿಮದ ಬೆಟ್ಟಗಳಲ್ಲಿ ಬಂಡೆ ಕೊರೆದು ರೈಲು ದಾರಿ ಮಾಡಿದವನು. ಕೆಲಸ ಮುಗಿದ ಮೇಲೆ, ಚೀನೀಯರನ್ನು ಕಂಡರಾಗದವರ ಕಾಟ ತಾಳಲಾರದೆ, ತಾನೇ ಹಾಕಿದ ಹಳಿಯ ಮೇಲೆ ಕೂತು ಷಿಕಾಗೋಗೆ ಬಂದು ಬಟ್ಟೆ ಒಗೆದು ಬದುಕಿದ. ಅವನ ತಮ್ಮ ಬರಲಿಲ್ಲ. ಹಿಮ ಕುಸಿದು ಅಲ್ಲೇ ಉಳಿದ. ಹಾಗೆ ಸತ್ತ ಬೇರೆಯವರ ಮೂಳೆಗಳನ್ನಾದರೂ ಚೀನಾದ ಊರಿಗೆ ಕಳಿಸಿದರು. ಅವನ ಮೂಳೆ ಸಿಗಲಿಲ್ಲ. ಹೆಸರು ಲಾವ್ ಅವರ ಮನೆಯಲ್ಲೂ ಯಾರಿಗೂ ತಿಳಿಯದು.

ಷಿಕಾಗೋ ಪಕ್ಕದ ಶಾಮ್‌ಬರ್ಗ್‌ನ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದ ಪದ್ಮ ಈ ಕಥೆ ಕೇಳಿದ ಮೇಲೆ ಸುಮ್ಮನೆ ಕೂರಲಿಲ್ಲ. ಅಂಥವರ ನೆನಪಿಗೆ ಸ್ಟೇಷನ್ನಿನ ಪಕ್ಕದ ಹುಲ್ಲುಗಾವಲಿನಲ್ಲಿ ಒಂದು ಕಲ್ಲು ನಿಲ್ಲಿಸಬೇಕೆಂದು ಲಾವ್ ಅವರ ಜೊತೆ ವರ್ಷಗಟ್ಟಲೆ ಓಡಾಡಿದಳು. ಒಂದು ಸಂಜೆ ಮನೆಗೆ ಬಂದು, "ಕಲ್ಲು ನಿಲ್ಲಿಸೋ ದಿನ ಆ ಜನಕ್ಕೆಲ್ಲ ನಮ್ಮ ಪದ್ಧತಿಯಲ್ಲಿ ನೀವು ನೀರು ಬಿಡ್ತೀರ ಅಂತ ಕೆನೆತ್‌ಗೆ ಹೇಳಿದೀನಿ. ಅವರಿಗೆ ತುಂಬ ಖುಷಿಯಾಯ್ತು" ಎಂದಳು.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ನೀವು ಪಂಚಾಂಗ ತೆಗೀತಿದ್ರಿ."

ಅವಳು ಹೇಳಿದ್ದು ಸುಳ್ಳಲ್ಲ. ಸತ್ಯನಾರಾಯಣರು ನಲವತ್ತು ವರ್ಷ ಈ ಊರಿನ ಲೋಕಲ್ ರೈಲುಗಳ ಸೇತುವೆಗಳನ್ನು ನೋಡಿಕೊಂಡ ಎಂಜಿನಿಯರ್. ಸಂಧ್ಯಾವಂದನೆಯನ್ನೂ ಸೇತುವೆಯ ಬೋಲ್ಟಿನ ಹಾಗೆ ಒಂದೂ ಸಡಿಲವಾಗದಂತೆ ನಡೆಸಿಕೊಂಡು ಬಂದವರು. ಈಗ ಕಲ್ಲು ನಿಲ್ಲಿಸುವ ದಿನ ಹತ್ತಿರ ಬಂತು. ಹೆಂಡತಿ ಹೋಗಿ ವರ್ಷ ತುಂಬಿಲ್ಲ. ವರ್ಷದೊಳಗೆ ಸಭೆ ಸಮಾರಂಭಕ್ಕೆ ಹೋಗುವಂತಿಲ್ಲ. ಹೋದರೂ ತರ್ಪಣ ಯಾರ ಹೆಸರಿನಲ್ಲಿ? ಗೋತ್ರ ಬೇಕು, ಹೆಸರು ಬೇಕು, ಎರಡೂ ಇಲ್ಲ. ಹೋದರೆ ಶಾಸ್ತ್ರ ತಪ್ಪುತ್ತದೆ, ಹೋಗದಿದ್ದರೆ ಪದ್ಮನ ಮಾತು ತಪ್ಪುತ್ತದೆ. ಸತ್ತವಳು ಬಂದು ತನ್ನ ಮಾತನ್ನು ತಾನೇ ಉಳಿಸಿಕೊಳ್ಳಲಾರಳು. ಎರಡು ದಿನ ಅವರಿಗೆ ಊಟ ಸೇರಲಿಲ್ಲ.

ಮಗಳು ಧೃತಿಗೆ ನೋಡಿ ಸಾಕಾಯಿತು. "ಅಪ್ಪಾ, ಭಟ್ಟರಿಗೆ ಜಸ್ಟ್ ಕಾಲ್ ಮಾಡಿ" ಎಂದು ಫೋನನ್ನು ಕೈಗೆ ತುರುಕಿದಳು.

ಪುರೋಹಿತ ನಾಗರಾಜ ಭಟ್ಟರು ಇರುವುದು ಮಿಷಿಗನ್ನಿನ ಸೌತ್‌ಫೀಲ್ಡ್‌ನಲ್ಲಿ. ಪದ್ಮನ ಕರ್ಮಗಳನ್ನು ಬಂದು ಮಾಡಿಸಿದವರು ಅವರೇ. ಆಗ ಅವರು ಅಲ್ಲೇ ಹತ್ತಿರದ ವಿಕ್ಸಮ್‌ನಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೊರಟಿದ್ದರು. ಕಾರಿನಲ್ಲೇ ಎಲ್ಲವನ್ನೂ ಕೇಳಿಸಿಕೊಂಡರು.

"ಸಮಾರಂಭಕ್ಕೆ ಹೋಗಬಾರದು, ನಿಜ. ಹೋಗಬೇಡಿ. ರಿಬ್ಬನ್ ಕತ್ತರಿಸಬೇಡಿ, ಕೇಕ್ ತಿನ್ನಬೇಡಿ. ನೀರು ಬಿಡೋದು ಸಮಾರಂಭ ಏನ್ರೀ?"

"ಗೋತ್ರ?"

"ಅಯ್ಯೋ ಸತ್ಯನಾರಾಯಣರೇ, ಇಷ್ಟು ಓದಿಕೊಂಡಿದೀರಿ! ಗೋತ್ರ ಗೊತ್ತಿಲ್ಲದೋರಿಗೆಲ್ಲ ಯಾವ ಗೋತ್ರ?"

ಸತ್ಯನಾರಾಯಣರು "ಕಾಶ್ಯಪ" ಎಂದರು.

"ಸರ್ವ ಪ್ರಜೆಯೂ ಕಶ್ಯಪನ ಸಂತಾನ ಅಂದ ಮೇಲೆ ಚೀನಾದೋರನ್ನ ಮಾತ್ರ ಹೊರಗಿಡೋಕಾಗುತ್ತಾ? ಅಂದ ಹಾಗೆ, ಪದ್ಮಮ್ಮನ ತವರು ಯಾವ ಗೋತ್ರ?"

"ಅದೂ ಕಾಶ್ಯಪವೇ."

"ಮುಗೀತಲ್ಲ! ತವರಿನ ಕಡೆಯೋರಿಗೆ ನೀರು ಬಿಡೋಕೆ ಅಳಿಯ ಇಷ್ಟು ಯೋಚನೆ ಮಾಡಬಾರದು. ಛೆ, ನಿಮ್ಮಿಂದ ನನ್ನ ಹೈವೇ ಎಕ್ಸಿಟ್ ತಪ್ಪಿಹೋಯ್ತು ನೋಡಿ."

ಫೋನಿಟ್ಟು ಸತ್ಯನಾರಾಯಣರು ಅಡಿಗೆಮನೆಗೆ ಹೋಗಿ ಕರಿ ಎಳ್ಳಿನ ಡಬ್ಬ ಹುಡುಕಿದರು. ಆ ರಾತ್ರಿ ಹೊಟ್ಟೆ ತುಂಬ ಉಂಡರು.

ಮೇ ತಿಂಗಳಾದರೂ ಕಲ್ಲು ನಿಲ್ಲಿಸುವ ದಿನ ಬೆಳಿಗ್ಗೆ ಫ್ಯಾರನ್‌ಹೀಟಿನಲ್ಲಿ ನಲವತ್ತೈದು ಡಿಗ್ರಿಯ ಚಳಿ, ಮೇಲೆ ಗಾಳಿ. ಭಾಷಣಗಳು ಮುಗಿಯುವವರೆಗೆ ಸತ್ಯನಾರಾಯಣರು ಭಟ್ಟರ ಮಾತಿನಂತೆ ಕಾರಿನಲ್ಲೇ ಕೂತಿದ್ದರು. ಆಮೇಲೆ ಪಂಚೆಯ ಮೇಲೆ ಶಾಲು ಹೊದ್ದು, ತಾಮ್ರದ ಚೊಂಬು ಹಿಡಿದು ಇಳಿದರು. ಲಾವ್ ಅವರು ಎದುರು ಬಂದರು. ಕಲ್ಲಿನ ಮುಂದೆ ಕಿತ್ತಳೆ ಹಣ್ಣು, ಚಹಾ, ಊದುಕಡ್ಡಿ ಇಟ್ಟಿದ್ದರು.

"ಹಂದಿ ಮಾಂಸ ಕಾರಿನಲ್ಲೇ ಇದೆ. ನಿಮ್ಮದಾದ ಮೇಲೆ ತರುತ್ತೇನೆ. ನಮ್ಮ ಹಿರಿಯರು ಸ್ವಲ್ಪ ಕಾಯಲಿ, ಅವರಿಗೆ ಕಾದು ಅಭ್ಯಾಸವಿದೆ" ಎಂದರು ಲಾವ್.

ಕಾರ್ಯಕ್ರಮ ನಡೆಸುತ್ತಿದ್ದ ಹೆಂಗಸು ಮೈಕ್ ಹಿಡಿದು ಬಂದಳು. "ನಿಮ್ಮನ್ನು ಏನಂತ ಪರಿಚಯ ಮಾಡಿಕೊಡಲಿ? ನಿವೃತ್ತ ರೈಲ್ವೆ ಎಂಜಿನಿಯರ್ ಅನ್ನಲೇ?"

"ಬೇಡ. ಫ್ಯಾಮಿಲಿ ಅಂತ ಹೇಳಿ."

ಅವಳು ಬಿಳಿ ಕೂದಲಿನ ಲಾವ್ ಅವರನ್ನೂ ಹಣೆಗೆ ಗೋಪೀಚಂದನ ಹಚ್ಚಿದ ಈ ಮುದುಕರನ್ನೂ ಒಮ್ಮೆ ನೋಡಿದಳು. ಹಾಗೇ ಹೇಳಿದಳು.

ಸತ್ಯನಾರಾಯಣರು ದಕ್ಷಿಣಕ್ಕೆ ತಿರುಗಿ ನಿಂತು ಜನಿವಾರವನ್ನು ಬಲ ಹೆಗಲಿಗೆ ಬದಲಿಸಿದರು. ಅಂಗೈಯ ಎಳ್ಳಿನ ಮೇಲೆ ಧೃತಿ ನೀರೆರೆದಳು. ಗೋತ್ರ ಹೇಳಿದರು. ಹೆಸರು ಬರಬೇಕಾದ ಕಡೆ ಮಂತ್ರ ನಿಂತಿತು. ಆಗ ಅವರು ಕನ್ನಡದಲ್ಲೇ ಹೇಳಿದರು:

"ಕಾಶ್ಯಪ ಗೋತ್ರದವರೇ, ಬಂಡೆ ಕೊರೆದವರೇ, ಹಿಮದಲ್ಲಿ ಹೂತುಹೋದವರೇ, ಈ ದೇಶದ ಎರಡು ತುದಿಗಳನ್ನು ಕೂಡಿಸಿದವರೇ. ನೀವು ಮಾಡಿದ ಕೆಲಸದಲ್ಲಿ ನಾನೂ ನಲವತ್ತು ವರ್ಷ ಅನ್ನ ತಿಂದೆ. ನಿಮ್ಮ ಮನೆಯ ಮಗಳು ಪದ್ಮ ಕಳಿಸಿದ ನೀರು ಇದು. ತೃಪ್ತರಾಗಿ."

ಹೆಬ್ಬೆರಳಿನ ಪಕ್ಕದಿಂದ ನೀರು ಜಾರಿ ಹುಲ್ಲಿಗೆ ಬಿತ್ತು. ಅವರು ಮೂರು ಸಲ ಬಿಟ್ಟರು.

ಆಮೇಲೆ ಅದನ್ನೆಲ್ಲ ಲಾವ್ ಅವರಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಲಾವ್ ತಲೆ ಬಗ್ಗಿಸಿ ಕೇಳಿಸಿಕೊಂಡರು.

"ಅಂದರೆ ನನ್ನ ಮುತ್ತಜ್ಜನ ತಮ್ಮ ಪದ್ಮನ ಮನೆತನದವನು?"

"ಹೌದು."

"ಹಾಗಾದರೆ ಪದ್ಮ ನನಗೆ?"

"ಅಕ್ಕ. ಲೆಕ್ಕಕ್ಕೆ ನೀವು ನನ್ನ ಭಾವಮೈದುನ. ಇನ್ನು ಮೇಲೆ ನನ್ನ ಹುಲ್ಲು ಕತ್ತರಿಸೋ ಯಂತ್ರ ಕೇಳದೆ ತಗೊಂಡು ಹೋಗಬಹುದು."

"ಇಷ್ಟು ದಿನವೂ ಕೇಳಿ ತಗೊಂಡು ಹೋಗ್ತಿರಲಿಲ್ಲ" ಎಂದು ಲಾವ್ ನಕ್ಕರು. ನಗುತ್ತಲೇ ಅವರ ಕಣ್ಣು ತುಂಬಿತು. ಕೋಟಿನ ತೋಳು ಮಡಿಸಿ, ಸತ್ಯನಾರಾಯಣರ ಕೈ ಇದ್ದ ಹಾಗೆಯೇ ತಮ್ಮ ಅಂಗೈ ಬಾಗಿಸಿ ಧೃತಿಯ ಮುಂದೆ ಹಿಡಿದರು.

"ತಮ್ಮನಾದವನು ಅಕ್ಕನಿಗೆ ನೀರು ಬಿಡಬಹುದಾ?"

ಶಾಸ್ತ್ರದಲ್ಲಿ ಇದಕ್ಕೆ ಏನಿದೆಯೋ ಸತ್ಯನಾರಾಯಣರಿಗೆ ಗೊತ್ತಿರಲಿಲ್ಲ. ಯಾರಿಗೂ ಫೋನ್ ಮಾಡಬೇಕೆನ್ನಿಸಲಿಲ್ಲ. ಭಾವಮೈದುನನ ಭುಜ ಹಿಡಿದು ದಕ್ಷಿಣಕ್ಕೆ ತಿರುಗಿಸಿ, ಅವರ ಅಂಗೈಗೆ ತಾವೇ ಎಳ್ಳು ಹಾಕಿದರು.